ಉಪ್ಪುಖಾರ ಹಚ್ಚಿದ ಅರ್ಜಿ

ನ್ಯಾಯಾಲಯದ ಆವರಣದಲ್ಲಿ ಅರ್ಜಿ ಬೆರಳಚ್ಚು ಮಾಡುವವರು ಆರು ಮಂದಿಯಿದ್ದರೂ ಜನ ಮುಗಿಬೀಳುತ್ತಿದ್ದದ್ದು ಮೂಲೆ ಮೇಜಿನ ಟೈಪಿಸ್ಟನ ಬಳಿಗೇ. ಗಿರಾಕಿ ಒಂದು ಮಾತು ಹೇಳಿದರೆ ಅವನು ಉಪ್ಪುಖಾರ ಹಚ್ಚಿ ನಾಲ್ಕು ಸಾಲು ಹೊಡೆಯುತ್ತಿದ್ದ. ನೆಗಡಿಯಾದವನೂ ಅವನ ಕಾಗದದಲ್ಲಿ ಸಾವಿನ ದವಡೆಗೆ ಸಿಕ್ಕಿರುತ್ತಿದ್ದ. ಹೆಸರಿಲ್ಲದ ಮೂಗರ್ಜಿಗಳಲ್ಲಂತೂ ಅವನದು ಎತ್ತಿದ ಕೈ.

ಆ ದಿನ ಹನ್ನೊಂದೂವರೆಗೆ, ಹರಿದ ಬಟ್ಟೆ ಹೊಲಿದುಕೊಡುವ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದು ಮೇಜಿಗೆ ಕೈಯೂರಿದಳು.

“ಅಣ್ಣಾ, ಬೇಗ ಒಂದು ಅರ್ಜಿ ಹೊಡ್ಕೊಡಿ. ಹನ್ನೆರಡಕ್ಕೆ ನನ್ನ ಕೇಸು. ಮಗಳು ನನ್ನ ಹತ್ರ ಇರ್ಬೇಕೋ ಅವಳಪ್ಪನ ಹತ್ರ ಇರ್ಬೇಕೋ ಅಂತ ಇವತ್ತೇ ತೀರ್ಮಾನ. ಸರ್ಕಾರ ಕೊಟ್ಟಿದ್ದ ವಕೀಲಮ್ಮನ್ನ ನಿನ್ನೆ ವಾಪಸ್ ತಗೊಂಡ್ಬಿಟ್ರು!”

“ಯಾಕಂತೆ?”

“ನಾನು ದೊಡ್ಡ ಸಾಹುಕಾರ್ತಿಯಂತೆ! ಯಾರೋ ಮೂಗರ್ಜಿ ಹಾಕಿದಾರೆ. ಕಾನೂನು ನೆರವಿನ ಕಚೇರಿಯೋರು ನಕಲು ಕೊಟ್ರು, ನೋಡಿ.”

ಟೈಪಿಸ್ಟ್ ಓದಿದ. ‘ಹೊರಗೆ ಬಡತನದ ಮುಖವಾಡ, ಒಳಗೆ ಹತ್ತು ಯಂತ್ರಗಳ ರಹಸ್ಯ ಕಾರ್ಖಾನೆ.’ ಈ ಸಾಲು ಕಟ್ಟಿದ್ದು ಅವನೇ. ಕಳೆದ ವಾರದ ಗಿರಾಕಿ ಹೇಳಿದ್ದು, ತನ್ನ ತಮ್ಮನ ಹೆಂಡತಿಯ ಹತ್ತಿರ ಹೊಲಿಗೆ ಮಷೀನಿದೆ ಎಂದಷ್ಟೇ. ಒಂದು ಮಷೀನು ಕಾಗದದಲ್ಲಿ ಸಪ್ಪೆ ಎಂದು ಅದನ್ನು ಹತ್ತು ಮಾಡಿ, ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

“ನಿಮ್ಮನೇಲಿ ಎಷ್ಟು ಮಷೀನಮ್ಮ?”

“ಒಂದೇ. ಅದೂ ನಾಲ್ಕು ಸಲ ತುಳಿದ್ರೆ ಒಂದು ಸಲ ಓಡುತ್ತೆ.”

ಅವನಿಗೆ ನಗು ಬರಲಿಲ್ಲ. ಹಾಳೆ ಸಿಕ್ಕಿಸಿದ. ಬೆರಳು ಅಭ್ಯಾಸಬಲದಿಂದ ‘ಕಣ್ಣೀರಿನ ಕಡಲಲ್ಲಿ’ ಎಂದು ಶುರುಮಾಡಿತು. ಅದನ್ನು ಕಿತ್ತೆಸೆದು ಹೊಸ ಹಾಳೆ ಹಾಕಿದ. ಆ ದೂರು ಬರೆದದ್ದು ತಾನು, ಹತ್ತು ಯಂತ್ರ ಎಂಬುದು ತಾನೇ ಸೇರಿಸಿದ ಸುಳ್ಳು, ಬರೆಸಿದವನು ಆಕೆಯ ಗಂಡನ ಅಣ್ಣ. ಮೂರೇ ಸಾಲು.

ಓದಿದವಳ ಮುಖ ಕೆಂಪಾಯಿತು. “ನೀವಾ? ಥೂ! ನನ್ನ ಮಗೂನ ಕಿತ್ಕೊಳ್ಳೋಕೆ ನೀವು ಕೈ ಜೋಡಿಸಿದ್ರಾ?”

“ನಾನೇ ಕಣಮ್ಮ. ತಪ್ಪಾಯ್ತು. ಈಗ ಓಡೋಣ, ನಡೀರಿ!”

ಇಬ್ಬರೂ ಎರಡೆರಡು ಮೆಟ್ಟಿಲು ಹಾರಿಕೊಂಡು ನೆರವಿನ ಕಚೇರಿಗೆ ನುಗ್ಗಿದರು. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಅಧಿಕಾರಿಣಿ ಕನ್ನಡಕ ಏರಿಸಿ ಓದಿದರು.

“ಸುಳ್ಳು ಹೇಳಿ ನೆರವು ತಗೊಳ್ಳೋರೂ ಬರ್ತಾರಲ್ಲ, ಅದಕ್ಕೇ ದೂರು ಬಂದ ಕೂಡ್ಲೇ ನಿಲ್ಲಿಸ್ತೀವಿ. ಆದ್ರೆ ಇದಕ್ಕೆ ಸಹಿ ಹಾಕಿದ್ರೆ ನಿಮ್ಮ ಪರವಾನಗಿನೇ ಹೋಗ್ಬಹುದು. ಯೋಚ್ನೆ ಮಾಡಿದೀರಾ?”

ಟೈಪಿಸ್ಟ್ ಹದಿನೆಂಟು ವರ್ಷ ಕೂತ ಜಾಗ ಅದು. ಆ ತಾಯಿ ಉಸಿರು ಬಿಗಿಹಿಡಿದು ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಪೂರ್ತಿ ಹೆಸರು ಬರೆದು, ಕೆಳಗೆ ಮನೆ ವಿಳಾಸವನ್ನೂ ಹಾಕಿದ.

“ತನಿಖೆ ಮುಗಿಯೋತನಕ ವಕೀಲರು ಮುಂದುವರೀಲಿ,” ಎನ್ನುತ್ತ ಅಧಿಕಾರಿಣಿ ಫೋನೆತ್ತಿದರು.

ಅಷ್ಟರಲ್ಲಿ ಕೆಳಗೆ ಕೇಸಿನ ನಂಬರು ಕೂಗಿದರು. ತಾಯಿ ಓಡಿಹೋಗಿ ನ್ಯಾಯಾಧೀಶರ ಮುಂದೆ ಒಬ್ಬಳೇ ನಿಂತಳು; ಹಿಂದೆಯೇ ಬಂದ ಟೈಪಿಸ್ಟ್ ಬಾಗಿಲಲ್ಲೇ ನಿಂತ. ಮುಂದಿನ ಬೆಂಚಿನಲ್ಲಿ ಗಂಡನ ಅಣ್ಣ ಮೀಸೆಯಡಿ ನಗುತ್ತಿದ್ದ.

“ತಾಯಿ ಪರವಾಗಿ ಯಾರಿದ್ದೀರಿ?” ನ್ಯಾಯಾಧೀಶರು ಕೇಳಿದರು.

ಯಾರೂ ಇಲ್ಲ. ಅವರು ಮತ್ತೊಮ್ಮೆ ಕೇಳುವಷ್ಟರಲ್ಲಿ, ಕರಿ ಕೋಟಿನ ಒಂದೇ ತೋಳು ಏರಿಸಿಕೊಂಡ ವಕೀಲೆ ಬಾಗಿಲಲ್ಲಿದ್ದ ಟೈಪಿಸ್ಟನನ್ನು ತಳ್ಳಿಕೊಂಡೇ ಒಳನುಗ್ಗಿದಳು.

“ನಾನಿದ್ದೀನಿ, ಸ್ವಾಮಿ!”

ಗಂಡನ ಅಣ್ಣ ಗಕ್ಕನೆ ತಿರುಗಿದ. ಅವನ ಕಣ್ಣು ಟೈಪಿಸ್ಟನ ಮೇಲೆ ನೆಟ್ಟಿತು. ಟೈಪಿಸ್ಟ್ ಕದಲಲಿಲ್ಲ. ಸಾಕ್ಷಿಗೆ ಕರೆದರೆ ಕೇಳಿಸಲೆಂದು ಬಾಗಿಲ ಪಕ್ಕದ ಬೆಂಚಿನಲ್ಲೇ ಕುಳಿತ.