ಕಲ್ಲುಮನೆಯ ಅಣ್ಣತಮ್ಮಂದಿರು

ಹೋಟೆಲಿನ ಮೇಜಿನ ಮೇಲೆ ಕರ್ಟಿಸ್ ಕಾಗದವನ್ನು ಮೊಟ್ಟೆಯ ತಟ್ಟೆಯ ಪಕ್ಕಕ್ಕೆ ಸರಿಸಿ, ಅದರ ಮೇಲೆ ತನ್ನದೇ ಪೆನ್ನನ್ನಿಟ್ಟ. ಲೊವೆಲ್ ಹಾಸ್ಕಿನ್ಸ್ ಕನ್ನಡಕ ಹಾಕಿಕೊಂಡು ಓದಿದ. ಎರಡೇ ಸಾಲು. ಆರೋಗ್ಯದ ಕಾರಣದಿಂದ ಕಲ್ಲುಮನೆಯ ಸಲಹೆಗಾರನ ಸ್ಥಾನ ಬಿಡುತ್ತಿದ್ದೇನೆ ಎಂದಿತ್ತು.

"ನನ್ನ ಆರೋಗ್ಯ ಚೆನ್ನಾಗೇ ಇದೆಯಲ್ಲೋ" ಎಂದ.

"ಅದು ನನಗೂ ಗೊತ್ತು, ನಿನಗೂ ಗೊತ್ತು. ಕಾಲೇಜಿನೋರ ಕಣ್ಣಿಗೆ ಯಾರಾದ್ರೂ ಒಬ್ರು ಕೆಳಗಿಳಿದ ಹಾಗೆ ಕಾಣ್ಬೇಕು, ಅಷ್ಟೇ. ನೀನು ಇಳಿದ್ರೆ ಮನೆ ಉಳಿಯುತ್ತೆ ಕಣೋ."

ಲೊವೆಲ್ ಸಹಿ ಹಾಕಿದ. ಕರ್ಟಿಸ್ ಕೇಳಿದ್ದಕ್ಕೆ ಇಲ್ಲವೆಂದು ಅವನಿಗೆ ಹೇಳಿ ರೂಢಿಯೇ ಇರಲಿಲ್ಲ.

ಆಲ್ಡನ್ ಕಾಲೇಜಿನ ಗುಡ್ಡದ ಬುಡದಲ್ಲಿದ್ದ ಆ ಮೂರಂತಸ್ತಿನ ಮನೆಯ ಬಾಗಿಲ ಮೇಲೆ, ಅಲ್ಲಿ ವಾಸವಿದ್ದ ವಿದ್ಯಾರ್ಥಿ ಸಂಘದ ಹೆಸರಾಗಿ, ಮೂರು ಗ್ರೀಕ್ ಅಕ್ಷರಗಳಿದ್ದವು. ಊರಿನ ಬಾಯಲ್ಲಿ ಮಾತ್ರ ಅದು ಕಲ್ಲುಮನೆ. ಅಲ್ಲಿ ಸೇರಿದ ಹುಡುಗರು ಮೊದಲ ವರ್ಷವೇ ಪ್ರಮಾಣ ಮಾಡಿ ಅಣ್ಣತಮ್ಮಂದಿರಾಗುತ್ತಿದ್ದರು. ಪದವಿ ಮುಗಿದರೂ ಆ ನಂಟು ಮುಗಿಯುತ್ತಿರಲಿಲ್ಲ. ಒಬ್ಬರ ಮದುವೆಗೆ ಇನ್ನೊಬ್ಬರು, ಒಬ್ಬರ ಹೆಣಕ್ಕೆ ಇನ್ನೊಬ್ಬರ ಹೆಗಲು. ನಲವತ್ತನಾಲ್ಕು ವರ್ಷದ ಹಿಂದೆ ಅಟ್ಟದ ಕೋಣೆಯಲ್ಲಿ ಲೊವೆಲ್ ಮತ್ತು ಕರ್ಟಿಸ್ ಒಂದೇ ಕಿಟಕಿಯ ಎರಡು ಪಕ್ಕ ಮಲಗಿದ್ದವರು. ಕರ್ಟಿಸ್ ವಕೀಲನಾದ, ಹಳೆಯ ವಿದ್ಯಾರ್ಥಿಗಳ ಮಂಡಳಿಗೆ ಅಧ್ಯಕ್ಷನಾದ. ಲೊವೆಲ್ ಅದೇ ಊರಿನ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿ, ಇಪ್ಪತ್ತೊಂಬತ್ತು ವರ್ಷ ಸಂಬಳವಿಲ್ಲದೆ ಮನೆಯ ಹುಡುಗರನ್ನು ನೋಡಿಕೊಂಡ. ಭಾನುವಾರ ಅವರ ಜೊತೆಗೇ ಊಟ. ಹೀಟರ್ ಕೆಟ್ಟರೆ ಇವನಿಗೇ ಕರೆ, ಹುಡುಗಿ ಕೈಕೊಟ್ಟರೂ ಇವನಿಗೇ ಕರೆ. ಹೆಂಡತಿ ಏಡಾ ಕ್ಯಾನ್ಸರಿನಿಂದ ಮಲಗಿದ್ದ ಏಳು ತಿಂಗಳು ಕರ್ಟಿಸ್ ಪ್ರತಿ ಗುರುವಾರ ತೊಂಬತ್ತು ಮೈಲಿ ಕಾರು ಓಡಿಸಿಕೊಂಡು ಬಂದು ಅವಳ ಮಂಚದ ಪಕ್ಕ ಕೂತು ಇಸ್ಪೀಟು ಆಡಿದ್ದ. ಬೇಕೆಂದೇ ಸೋಲುತ್ತಿದ್ದ. ಅದನ್ನು ಲೊವೆಲ್ ಯಾವತ್ತೂ ಮರೆತಿರಲಿಲ್ಲ.

ಫೆಬ್ರವರಿಯಲ್ಲಿ ಮೈಕಾ ಪ್ರುಯಿಟ್ ಎಂಬ ಹೊಸ ಹುಡುಗ ಮಾಡಿನಿಂದ ಬಿದ್ದ. ಹೊಸಬರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಿಂಬದಿಯ ಕಬ್ಬಿಣದ ಏಣಿ ಹತ್ತಿ ಮಾಡು ಮುಟ್ಟಬೇಕೆಂಬುದು ಹಳೆಯ ಕಟ್ಟಳೆ. ಕಾಲೇಜು ಅದನ್ನು ನಿಷೇಧಿಸಿ ಹದಿನೈದು ವರ್ಷವಾಗಿತ್ತು. ಅಂದು ಏಣಿಯ ಮೇಲೆ ಮಂಜು ಗಟ್ಟಿಯಾಗಿತ್ತು. ಹುಡುಗನ ಜೀವ ಉಳಿಯಿತು, ಸೊಂಟದ ಕೆಳಗೆ ಸ್ವಾಧೀನ ಉಳಿಯಲಿಲ್ಲ. ಕಾಲೇಜು ಮನೆಯನ್ನೇ ಮುಚ್ಚಿಸುವ ಮಾತೆತ್ತಿತು, ಕರ್ಟಿಸ್ ಆ ಕಾಗದ ತಂದದ್ದು ಅದಾದ ಮೇಲೆ.

ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ ಮನೆಯ ಊಟದ ಹಾಲಿನಲ್ಲಿ ಹಳಬರ ಸಭೆ ಸೇರಿತು. ತೊಂಬತ್ತಕ್ಕೂ ಹೆಚ್ಚು ಜನ ಬಂದಿದ್ದರು. ಬೆನ್ನು ತಟ್ಟಿದವರು, ಮೊಮ್ಮಕ್ಕಳ ಫೋಟೋ ತೋರಿಸಿದವರು ಎಲ್ಲ ಇದ್ದರು. ಆಮೇಲೆ ಮಂಡಳಿಯ ವರದಿ ಹಂಚಿದರು. ಲೊವೆಲ್ ಮೂರನೇ ಪುಟಕ್ಕೆ ಬಂದು ನಿಂತ. ಏಣಿ ಹತ್ತಿಸುವ ಕಟ್ಟಳೆ ಮತ್ತೆ ಶುರುವಾದದ್ದು ಸಲಹೆಗಾರರಿಗೆ ಅಕ್ಟೋಬರ್‌ನಲ್ಲೇ ತಿಳಿದಿತ್ತು, ಅವರು ಅದನ್ನು ಮಂಡಳಿಗೆ ತಿಳಿಸಲಿಲ್ಲ ಎಂದು ಅಲ್ಲಿ ಅಚ್ಚಾಗಿತ್ತು. ಹಾಗಾಗಿ ಅವರ ಹೆಸರನ್ನು ಸದಸ್ಯರ ಪಟ್ಟಿಯಿಂದ ತೆಗೆಯಬೇಕು. ಈ ವರದಿ ಕಾಲೇಜಿಗೆ ಸಲ್ಲಿಕೆಯಾಗಿದೆ ಎಂದು ಕೆಳಗೆ ತಾರೀಕು ಇತ್ತು. ಅದು ಹೋಟೆಲಿನಲ್ಲಿ ಮೊಟ್ಟೆ ತಿಂದ ದಿನಕ್ಕಿಂತ ನಾಲ್ಕು ದಿನ ಹಿಂದಿನ ತಾರೀಕು.

ಬೆರಳಚ್ಚಿನ ತಪ್ಪಿರಬೇಕೆಂದು ಅವನಿಗೆ ಮೊದಲು ಅನ್ನಿಸಿತು. ಎದ್ದು ನಿಂತ.

"ಕರ್ಟಿಸ್, ಅಕ್ಟೋಬರ್‌ನಲ್ಲಿ ಕಣ್ಣಿಗೆ ಕಟ್ಟೋ ಬಟ್ಟೆ ಏಣಿಗೆ ಸಿಕ್ಕಿಕೊಂಡಿದ್ದು ನೋಡಿ ಅವತ್ತೇ ನಿನಗೆ ಫೋನ್ ಮಾಡಿದ್ನಲ್ಲ. ನಾವೂ ಹತ್ತಿದ್ವಿ, ಸತ್ತು ಹೋದ್ವಾ ಅಂತ ನೀನು ಅಂದೆ. ಹುಡುಗ್ರ ಹತ್ರ ನಾನು ಮಾತಾಡ್ತೀನಿ ಅಂತಲೂ ನೀನೇ ಅಂದೆ."

ಕರ್ಟಿಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಯಿಲೆಯವರ ಜೊತೆ ಆಡುವ ದನಿ ಅದು.

"ಅಂಥ ಫೋನ್ ನನಗೆ ಬಂದಿಲ್ಲ, ಲೊವೆಲ್. ಏಡಾ ಹೋದ ಮೇಲೆ ನಿನಗೆ ಎಷ್ಟೋ ವಿಷಯ ಸರಿಯಾಗಿ ನೆನಪಿರಲ್ಲ. ಅದು ನಮಗೆಲ್ಲ ಗೊತ್ತು. ಯಾರೂ ಅದಕ್ಕೆ ನಿನ್ನನ್ನ ಬೈತಾ ಇಲ್ಲ."

ಯಾರೋ ಕೆಮ್ಮಿದರು. ಲೊವೆಲ್ ಸುತ್ತ ನೋಡಿದ. ಕೆಲವರು ವರದಿ ಓದುತ್ತಿದ್ದರು. ಕೆಲವರು ಅವನನ್ನೇ ನೋಡುತ್ತಿದ್ದರು, ಮರುಕದಿಂದ. ಆ ಮರುಕ ಕಂಡ ಮೇಲೆ ಅವನು ಕೂತುಬಿಟ್ಟ. ಹೆಸರು ತೆಗೆಯಲು ಒಪ್ಪುವವರು ಕೈ ಎತ್ತಿ ಅನ್ನುವ ಮಾತು ಬಂದಾಗ ಕೈಗಳು ಎದ್ದವು. ಯಾರ ಮಗುವನ್ನು ಹೆಸರಿಟ್ಟ ದಿನ ಲೊವೆಲ್ ಎತ್ತಿಕೊಂಡು ನಿಂತಿದ್ದನೋ ಆ ದಂತವೈದ್ಯ ಹಾರ್ಲನ್ ಎಲ್ಲರಿಗಿಂತ ಕೊನೆಗೆ ಎತ್ತಿದ, ಅದೂ ಭುಜದ ಮಟ್ಟಕ್ಕೆ. ಸಭೆ ಮುಗಿದಾಗ ಎಂದಿನಂತೆ ಎಲ್ಲರೂ ಎದ್ದು ಮನೆಯ ಹಾಡು ಹಾಡಿದರು. ಲೊವೆಲ್‌ನ ತುಟಿಗಳು ತಾವಾಗಿಯೇ ಅಲುಗಿದವು. ಅದು ಅವನಿಗೆ ಗೊತ್ತಾದದ್ದು ಎರಡನೇ ಚರಣದಲ್ಲಿ.

ಹೊರಗೆ ಹಾರ್ಲನ್ ಅವನ ಕೋಟು ಹಿಡಿದುಕೊಂಡು ಕಾದಿದ್ದ. "ಮನೆ ಉಳೀಬೇಕಲ್ಲ ಮೇಷ್ಟ್ರೇ" ಎಂದ. ಲೊವೆಲ್ ಕೋಟು ತೆಗೆದುಕೊಂಡ.

ಭಾನುವಾರವಿಡೀ ಹಳೆಯ ಕಾಗದಗಳನ್ನು ಕೆದಕಿ ಅಕ್ಟೋಬರ್ ತಿಂಗಳ ಕರೆಗಳ ಪಟ್ಟಿ ಹುಡುಕಿದ. ಕರ್ಟಿಸ್‌ನ ನಂಬರು ಇತ್ತು. ಹನ್ನೊಂದು ನಿಮಿಷ. ಸೋಮವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ಡೀನರ ಕಚೇರಿಗೆ ಹೊರಟ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ. ನನಗೆ ಅಕ್ಟೋಬರ್‌ನಲ್ಲೇ ಗೊತ್ತಿತ್ತು, ನಿಜ, ಆದರೆ... ಎಷ್ಟು ಸಲ ಜೋಡಿಸಿದರೂ ಮಾತು ಅಲ್ಲಿಂದಲೇ ಶುರುವಾಗುತ್ತಿತ್ತು. ಕರ್ಟಿಸ್‌ನ ವರದಿಯಲ್ಲಿ ಒಂದು ಸಾಲು ಸುಳ್ಳಾಗಿತ್ತು, ಇನ್ನೊಂದು ಸಾಲು ಸುಳ್ಳಾಗಿರಲಿಲ್ಲ. ಫೋನಿಟ್ಟ ಮೇಲೆ ಅವನು ಮತ್ತೆ ಆ ಏಣಿಯ ಕಡೆ ಹೋಗಿರಲಿಲ್ಲ. ಹುಡುಗನನ್ನು ನೋಡಲು ಯಾರೂ ಹೋಗಬೇಡಿ, ಕೇಸಿಗೆ ತೊಂದರೆ ಎಂದು ಕರ್ಟಿಸ್ ಹೇಳಿದ್ದ. ಅದನ್ನೂ ಕೇಳಿದ್ದ.

ಕಾಲೇಜಿನ ತಿರುವು ಬಂತು. ಅವನು ಕಾರು ತಿರುಗಿಸಲಿಲ್ಲ. ನಲವತ್ತು ಮೈಲಿ ನೇರ ಹೋದ.

ಪ್ರುಯಿಟ್‌ರ ಮನೆ ಧಾನ್ಯದ ಗೋದಾಮಿನ ಹಿಂದಿನ ಬೀದಿಯಲ್ಲಿತ್ತು. ಮೆಟ್ಟಿಲಿನ ಮೇಲೆ ಗಾಲಿಕುರ್ಚಿಗಾಗಿ ಹೊಸ ಹಲಗೆಯ ಇಳಿಜಾರು ಹೊಡೆದಿದ್ದರು, ಇನ್ನೂ ಬಣ್ಣ ಬಳಿದಿರಲಿಲ್ಲ. ಬಾಗಿಲು ತೆರೆದ ಹೆಂಗಸು ಏಪ್ರನ್ನಿಗೆ ಕೈ ಒರೆಸುತ್ತಾ ನಿಂತಳು. ಮೈಕಾನ ತಾಯಿ ರೋಂಡಾ. ಲೊವೆಲ್ ತಾನು ಯಾರೆಂದು ಹೇಳಿದ.

"ಎರಡು ತಿಂಗಳಾಯ್ತು" ಎಂದಳು. "ಹೂವು ಬಂತು, ಕಾರ್ಡು ಬಂತು. ಮನುಷ್ಯ ಅಂತ ಒಬ್ರೂ ಬರ್ಲಿಲ್ಲ. ಈಗ ನೀವ್ಯಾಕೆ ಬಂದ್ರಿ?"

"ಆ ಏಣಿ ವಿಷಯ ನನಗೆ ಅಕ್ಟೋಬರ್‌ನಲ್ಲೇ ಗೊತ್ತಿತ್ತಮ್ಮ."

ಅವಳ ಕೈ ಏಪ್ರನ್ನಿನಲ್ಲೇ ನಿಂತಿತು. "ಗೊತ್ತಿದ್ದೂ?"

"ಒಂದು ಫೋನ್ ಮಾಡಿ ಸುಮ್ಮನಾದೆ."

"ಯಾರಿಗೆ?"

ಮನೆಯ ಮಾತನ್ನು, ಅಣ್ಣತಮ್ಮಂದಿರ ಹೆಸರನ್ನು ಹೊರಗೆ ಹಾಕುವುದಿಲ್ಲ ಎಂದು ಹದಿನೆಂಟನೇ ವಯಸ್ಸಿನಲ್ಲಿ ಅಂಗೈ ಎದೆಯ ಮೇಲಿಟ್ಟು ಹೇಳಿದ್ದ. "ಕರ್ಟಿಸ್ ಬೋಮನ್‌ಗೆ" ಎಂದ. ಹೆಸರು ಸಲೀಸಾಗಿ ಬಂತು. ಅದು ಅಷ್ಟು ಸಲೀಸಾಗಿ ಬಂದದ್ದೇ ಅವನಿಗೆ ನೋವಾಯಿತು.

ರೋಂಡಾ ಅವನ ಮುಖ ನೋಡಿದಳು. ಆಮೇಲೆ ಬಾಗಿಲಿನಿಂದ ಸರಿದಳು.

ಮುಂದಿನ ಕೋಣೆಯಲ್ಲಿ ಸೋಫಾ ಇರಬೇಕಾದ ಜಾಗದಲ್ಲಿ ಆಸ್ಪತ್ರೆಯ ಮಂಚ ಹಾಕಿದ್ದರು. ದಿಂಬಿಗೊರಗಿ ಕೂತಿದ್ದ ಮೈಕಾ ಮೂರು ಗ್ರೀಕ್ ಅಕ್ಷರಗಳಿದ್ದ ಅಂಗಿಯನ್ನೇ ತೊಟ್ಟಿದ್ದ. ಮೇಷ್ಟ್ರನ್ನು ಕಂಡು ಅವನ ಮುಖ ಅರಳಿತು.

"ಬೇರೆಯೋರು ಬರ್ಲಿಲ್ವಾ ಮೇಷ್ಟ್ರೇ?" ಎಂದು ಅವನ ಬೆನ್ನ ಹಿಂದೆ ಬಾಗಿಲ ಕಡೆ ನೋಡಿದ. "ಪರೀಕ್ಷೆ ಹತ್ರ ಬಂತಲ್ಲ, ಓದ್ತಾ ಇರ್ತಾರೆ. ನಾನು ಯಾರ ಹೆಸರೂ ಹೇಳಿಲ್ಲ ಅಂತ ಅವ್ರಿಗೆ ಹೇಳಿ. ಪೊಲೀಸ್ರು ಎರಡು ಸಲ ಬಂದು ಕೇಳಿದ್ರು. ಹೇಳ್ಲಿಲ್ಲ."

ಲೊವೆಲ್ ಮಂಚದ ಕಂಬಿ ಹಿಡಿದುಕೊಂಡ. ಹುಡುಗ ಹೊಗಳಿಕೆಗಾಗಿ ಕಾಯುತ್ತಿದ್ದ.

"ನೀನು ಹೇಳ್ಬೇಕಿತ್ತು ಮಗು" ಎಂದ ಕೊನೆಗೆ. "ನಾನೂ ಹೇಳ್ಬೇಕಿತ್ತು."

ಮೈಕಾನಿಗೆ ಅದು ಅರ್ಥವಾದಂತೆ ಕಾಣಲಿಲ್ಲ. ಅವನು ಮುಖ ತಿರುಗಿಸಿ ಟೀವಿಯ ಕಡೆ ನೋಡತೊಡಗಿದ.

ಅಡುಗೆಮನೆಯಲ್ಲಿ ರೋಂಡಾ ಆಲೂಗಡ್ಡೆ ಸಿಪ್ಪೆಯ ರಾಶಿಯನ್ನು ಮೇಜಿನ ಒಂದು ಪಕ್ಕಕ್ಕೆ ಒತ್ತಿ, ಒದ್ದೆ ಜಾಗವನ್ನು ಒರೆಸಿ, ಗೆರೆ ಹಾಳೆಗಳ ಪುಸ್ತಕ ತಂದಿಟ್ಟಳು.

"ಎಲ್ಲಾ ಬರೀರಿ. ನೀವು ಮಾಡಿದ್ದೂ ಸೇರಿಸಿ."

ಲೊವೆಲ್ ಕೂತ. ತಾರೀಕು ಬರೆದ, ಅದರ ಕೆಳಗೆ ತನ್ನ ಹೆಸರು ಬರೆದ. ಅವಳು ಎದುರಿನ ಕುರ್ಚಿ ಎಳೆದುಕೊಂಡು ಉಳಿದ ಆಲೂಗಡ್ಡೆ ಹೆರೆಯಲು ಕೂತಳು. ಅವನ ಪೆನ್ನು ನಿಂತಾಗಲೆಲ್ಲ ಅವಳ ಚಾಕುವೂ ನಿಲ್ಲುತ್ತಿತ್ತು.