ಕಡೆಯ ಗುಟುಕು

ದ್ರಾಕ್ಷಿರಸ ಸೋಸುತ್ತಿದ್ದ ಚೆಲುವಯ್ಯನ ಕೈ ಹಾಗೇ ನಿಂತುಬಿಟ್ಟಿತು. ತೆಳು ಬಟ್ಟೆಯ ಗಂಟಿನಿಂದ ಕೆಂಗಪ್ಪು ಹನಿಗಳು ಬೋಗುಣಿಗೆ ಬೀಳುತ್ತಲೇ ಇದ್ದವು. ಸಂಜೆ ದೇವಾಲಯದಲ್ಲಿ ಪ್ರಭುಭೋಜನ, ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಿರಸ ಕುಡಿಯುವ ಆರಾಧನೆ. ಕುಷ್ಠದ ಆಸ್ಪತ್ರೆಯಿಂದ ಗುಣವಾಗಿ ಬಂದಿರುವ ತಂಗಿ ರಾಚಮ್ಮ ಎಲ್ಲರಿಗಿಂತ ಕಡೆಗೆ ಪಾತ್ರೆಗೆ ಬಾಯಿಡಲಿ ಎಂದು ಭಾನುವಾರದ ಕೂಟದಲ್ಲಿ ಸಲಹೆ ಕೊಟ್ಟವನು ಅವನೇ. ಆದರೆ ಅವಳ ನಂತರ ಕುಡಿಯಬೇಕಾದವನು ಯಾರು ಎಂಬುದು ಅವನಿಗೆ ಹೊಳೆದದ್ದು ಈಗ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಗ.

ಗುಂಡ್ಲುಪೇಟೆಯ ಆ ಪುಟ್ಟ ಕ್ರೈಸ್ತ ಸಭೆಯಲ್ಲಿ ಅವನ ಅಪ್ಪನ ಕಾಲದಿಂದ ಒಂದು ಕ್ರಮ ನಡೆದುಬಂದಿತ್ತು. ಒಣದ್ರಾಕ್ಷಿ ನೆನೆಸಿ, ಕುದಿಸಿ ರಸ ಮಾಡಿದವನು ಎಲ್ಲರದೂ ಆಗುವವರೆಗೆ ಕಾಯಬೇಕು. ಕಡೆಗೆ ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ಕುಡಿದು ಬರಿದು ಮಾಡಬೇಕು. ಪ್ರಾರ್ಥನೆಯಾದ ರಸವನ್ನು ನೆಲಕ್ಕೆ ಚೆಲ್ಲುವಂತಿಲ್ಲ, ಸೀಸೆಗೆ ತುಂಬಿ ಎತ್ತಿಡುವಂತೆಯೂ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಈ ಕೆಲಸ ಚೆಲುವಯ್ಯನ ಪಾಲಿಗೆ ಬಂದಿತ್ತು. ಎಷ್ಟೋ ವರ್ಷ ಮಾಡಿದ ಕೆಲಸ. ಆದರೂ ಕೂಟದಲ್ಲಿ ಅದು ಅವನಿಗಾಗಲಿ ಬೇರೆಯವರಿಗಾಗಲಿ ನೆನಪಾಗಿರಲಿಲ್ಲ.

ಆ ದಿನ ಮೊದಲು ತಕರಾರು ಎತ್ತಿದವನು ಈರುಳ್ಳಿ ಮಂಡಿಯಲ್ಲಿ ಮೂಟೆ ಹೊರುವ ಬೋರಯ್ಯ.

"ಗುಣ ಆಯ್ತು ಅಂತ ಡಾಕ್ಟ್ರು ಏಳ್ಬೋದು ಕಣ ಚೆಲುವಯ್ಯ. ಆ ಡಾಕ್ಟ್ರು ಬಂದು ಅವಳ ಎಂಜಲು ಕುಡ್ದಾರ?"

"ಕ್ರಿಮಿ ಸತ್ತೋದ್ಮೇಲೆ ಅಂಟ್ಕಳಕಿಲ್ಲ ಬೋರಣ್ಣ," ಎಂದಿದ್ದ ಚೆಲುವಯ್ಯ.

"ಸತ್ತಿದ್ದ ನೀನು ಕಂಡಾ? ಮಣ್ಣು ಮಾಡ್ಬಂದಾ?"

ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತಿದ್ದ ಹಲ್ಲಿಲ್ಲದ ಮುದುಕಿಯೊಬ್ಬಳು, "ಮೈಸೂರು ಸೀಮೆ, ಧಾರವಾಡದ ಸೀಮೆ ಎಲ್ಲಾ ಒಂದಾಯ್ತವೆ ಅಂತಾವ್ರೆ. ನಾವು ನಾಕು ಮನೆಯೋರು ಒಂದು ಬಟ್ಲಿಗೆ ಬಾಯಿ ಮಡಗಕ್ಕೆ ಆಯ್ತಾ ಇಲ್ವಲ್ಲಪ್ಪ," ಎಂದಳು. ಅದಕ್ಕೂ ನಕ್ಕರು. ಆ ನಗುವಿನ ನಡುವೆಯೇ ಚೆಲುವಯ್ಯ ತನ್ನ ಸಲಹೆ ಮುಂದಿಟ್ಟದ್ದು. ಎಲ್ಲರೂ ಹಗುರಾಗಿ ಎದ್ದು ಹೋದರು.

ಸರ್ಕಾರಿ ಔಷಧಾಲಯದಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವುದು ಅವನ ಉದ್ಯೋಗ. ಬಿಳಿ ಮಾತ್ರೆ ನುಂಗಿ ಕ್ರಿಮಿ ನಾಶವಾದ ಮೇಲೆ ಈ ರೋಗ ಹರಡದೆಂದು ದೊಡ್ಡ ವೈದ್ಯರು ಅವನಿಗೆ ಬಿಡಿಸಿ ಹೇಳಿದ್ದರು. ಅದನ್ನು ಅವನು ನಂಬಿಯೂ ಇದ್ದ. ಆದರೆ ನಂಬಿಕೆ ತಲೆಯಲ್ಲಿತ್ತು, ಗಂಟಲಿಗೆ ಇಳಿದಿರಲಿಲ್ಲ. ರಾಚಮ್ಮ ಬಂದಾಗಿನಿಂದ ಹಿತ್ತಿಲ ಮಾಡಿನಲ್ಲೇ ಇದ್ದಳು. ಅಲ್ಲೇ ಮೂರು ಕಲ್ಲು ಹೂಡಿ ಬೇಯಿಸಿಕೊಳ್ಳುತ್ತಿದ್ದಳು. ಹೆಂಡತಿ ಶಿವಮ್ಮ ಕೆಟ್ಟವಳಲ್ಲ. ಸಾರಾದಾಗ ಒಂದು ಪಾಲು ನಾದಿನಿಗೆ ಎತ್ತಿಡುತ್ತಿದ್ದಳು, ಆದರೆ ಮೇಲಿನಿಂದ ಬಗ್ಗಿಸಿ ಹುಯ್ಯುತ್ತಿದ್ದಳು.

"ರಸ ತಣ್ಗಾಯ್ತಾಣ್ಣ?"

ರಾಚಮ್ಮ ಹಿತ್ತಿಲ ಬಾಗಿಲಾಚೆ ನಿಂತಿದ್ದಳು. ಹೊಸಿಲು ದಾಟಿರಲಿಲ್ಲ. ಅವಳ ಬಲಗೈ ಕಂಡು ಚೆಲುವಯ್ಯ ಬೋಗುಣಿ ಬಿಟ್ಟು ಎದ್ದ. ಅಂಗೈ ಉದ್ದಕ್ಕೂ ಬೊಬ್ಬೆ ಎದ್ದು ಒಡೆದಿತ್ತು.

"ಇದೇನಮ್ಮಿ ಇದು?"

"ಬೆಳಿಗ್ಗೆ ಗಂಜಿ ಮಡಕೆ ಇಳುಕ್ದೆ ಅಂತ ಕಾಣ್ತದೆ. ಈಗ ನೋಡ್ತೀನಿ, ಇಂಗಾಗದೆ."

ಅವಳನ್ನು ಕಲ್ಲಿನ ಮೇಲೆ ಕೂರಿಸಿ, ಕಾದಾರಿದ ನೀರಿನಲ್ಲಿ ಗಾಯ ತೊಳೆದ. ಸತ್ತ ಚರ್ಮ ಬಿಡಿಸಿ, ಮುಲಾಮು ಹಚ್ಚಿ, ಮಡಚಿಕೊಂಡಿದ್ದ ಬೆರಳುಗಳ ನಡುವೆ ಹತ್ತಿಯಿಟ್ಟು ಪಟ್ಟಿ ಸುತ್ತಿದ. ಅವನ ಕೈ ಒಮ್ಮೆಯೂ ಹಿಂಜರಿಯಲಿಲ್ಲ.

"ನೋವಾಯ್ತದ?" ಎಂದು ರೂಢಿಯಂತೆ ಕೇಳಿ ತುಟಿ ಕಚ್ಚಿಕೊಂಡ. ರೋಗ ಹೋಗಿದ್ದರೂ ಆ ಕೈಗೆ ಸ್ಪರ್ಶ ಮರಳಿರಲಿಲ್ಲ.

ರಾಚಮ್ಮ ಜೋರಾಗಿ ನಕ್ಕಳು. "ನಂಗೆಲ್ಲಣ್ಣ ನೋವು? ಇದ್ದಿದ್ರೆ ಸುಟ್ಕತಿದ್ನಾ?" ಆಮೇಲೆ ಪಟ್ಟಿಯ ಕಡೆ ನೋಡುತ್ತ ಹೇಳಿದಳು: "ಮೊದ್ಲು ಈ ಕೈ ಕಂಡ್ರೆ ಕಡ್ದು ಎಸ್ದುಬುಡನ ಅನ್ಸದು. ಆಸ್ಪತ್ರೇಲಿ ಒಂದು ಶುಭ ಶುಕ್ರವಾರ ಸುಮ್ನೆ ಕುಂತಿದ್ದೆ. ಯೇಸುಸ್ವಾಮಿ ಕೈಗೆ ಮೊಳೆ ಒಡುದ್ರಲ್ಲ, ಅವರ್ಗೆ ನೋವಾಯ್ತು. ಅದೇ ಮೊಳೆ ನನ್ ಕೈಗೆ ಒಡುದ್ರೆ ನಂಗೆ ಗೊತ್ತೇ ಆಯ್ತಿರ್ನಿಲ್ಲ. ಅಂಗಾರೆ ನನ್ ಪಾಲಿನ ನೋವ್ನೂ ಅವರೇ ತಕ್ಕಂಡವ್ರೆ ಅನ್ನುಸ್ತು. ಅವತ್ತಿಂದ ಈ ಕೈ ಮ್ಯಾಲೆ ಸಿಟ್ಟಿಲ್ಲ ಕಣಣ್ಣ."

ಚೆಲುವಯ್ಯ ಪಟ್ಟಿಯ ತುದಿಗೆ ಗಂಟು ಹಾಕುತ್ತ ಕೂತ. ಶಿಲುಬೆಯ ಪ್ರಸಂಗಗಳನ್ನು ಅವನು ತೊಟ್ಟಿಲಿನಿಂದ ಕೇಳಿದ್ದ. ದೂರದ ನಾಡಿನಲ್ಲಿ, ಎಂದೋ ನಡೆದು ಮುಗಿದ ಸಂಗತಿಯೆಂದೇ ಅದು ಅವನ ಮನಸ್ಸಿನಲ್ಲಿತ್ತು. ಇವಳ ಮಾತಿನಲ್ಲಿ ಅದು ಮುಗಿದಿರಲಿಲ್ಲ. ಈ ಬೆಳಿಗ್ಗೆ, ಈ ಹಿತ್ತಿಲಲ್ಲಿ, ಮಡಕೆ ಇಳಿಸುವಾಗಲೂ ಯಾರೋ ನೊಂದಿದ್ದರು.

"ಸಂಜೆಗೆ ನಾನು ಬರ್ದೆ ಇದ್ಬುಡ್ಲಾ?" ರಾಚಮ್ಮ ಕೇಳಿದಳು. "ಕಡೇಲಿ ಕುಡಿಯೋನು ನೀನಲ್ವಾ. ಅಪ್ಪ ಕುಡಿಯೋದ್ನ ನಾನೂ ನೋಡಿವ್ನಿ."

"ಬಾ," ಎಂದ ಚೆಲುವಯ್ಯ. ಆದರೆ ಹೇಳುವಾಗ ಅವಳ ಮುಖ ನೋಡಲಿಲ್ಲ. ಅದು ಅವಳಿಗೂ ತಿಳಿಯಿತು.

ಸಂಜೆ ಮೈಸೂರಿನ ಬಸ್ಸಿನಲ್ಲಿ ಪಾದ್ರಿಗಳು ಬಂದರು. ಹೆಂಚಿನ ದೇವಾಲಯದಲ್ಲಿ ಜನ ಸಾಲಾಗಿ ಬಂದು ಮೇಜಿನ ಮುಂದೆ ಚಾಪೆಯ ಮೇಲೆ ಮೊಣಕಾಲೂರಿದರು. ರಾಚಮ್ಮ ಬಾಗಿಲ ಪಕ್ಕದಲ್ಲೇ ಉಳಿದಳು. ಪಾತ್ರೆ ಅವಳಿಗಿಂತ ಮೊದಲೇ ತಮಗೆ ಬರುತ್ತದೆಂದು ಗೊತ್ತಿದ್ದರೂ ಅಂದು ಯಾರೂ ಮನಸ್ಸಿಟ್ಟು ಕುಡಿಯಲಿಲ್ಲ. ತುಟಿ ತೋಯಿಸಿಕೊಂಡು ಎದ್ದು ಹೊರನಡೆದರು. ಶಿವಮ್ಮನೂ ಹಾಗೇ ಮಾಡಿ, ತಲೆ ತಗ್ಗಿಸಿ ಹೊರಗೆ ಹೋದಳು. ಬೋರಯ್ಯ ಮಾತ್ರ ಹೋಗದೆ ಕಂಬಕ್ಕೆ ಒರಗಿ ನಿಂತ.

ರಾಚಮ್ಮನ ಸರದಿ ಬಂದಾಗ ಅವಳು ಮುಂದೆ ಬಂದು ಮೊಣಕಾಲೂರಿ, ಮಡಿಲಿನಿಂದ ತನ್ನ ಹಿತ್ತಾಳೆ ಲೋಟ ತೆಗೆದಳು.

"ಇದ್ಕೆ ಒಂದು ತೊಟ್ಟು ಬುಡಿ ಅಯ್ಯನೋರೆ. ನಂಗೆ ಅಷ್ಟೇ ಸಾಕು."

ಪಾದ್ರಿಗಳು ಕೈ ತಡೆದು ಚೆಲುವಯ್ಯನ ಕಡೆ ನೋಡಿದರು. ಚೆಲುವಯ್ಯನ ಎದೆಯಲ್ಲಿ ಮೊದಲು ಎದ್ದದ್ದು ಸಮಾಧಾನ. ಬದುಕಿದೆ ಅನ್ನಿಸಿತು. ಯಾರೂ ತಪ್ಪು ಹೇಳುವಂತಿರಲಿಲ್ಲ, ಅವಳೇ ಕೇಳಿಕೊಂಡದ್ದು. ಮರುಗಳಿಗೆ ಅವಳು ಎರಡೂ ಕೈ ಸೇರಿಸಿ ಲೋಟ ಮುಂದೆ ಹಿಡಿದಿದ್ದ ರೀತಿ ಕಂಡಿತು. ಪಟ್ಟಿಯಿಂದ ಲೋಟ ಜಾರುತ್ತಿತ್ತು. ಅವಳು ಅದನ್ನು ಮತ್ತೆ ಮತ್ತೆ ಎದೆಗೆ ಆನಿಸಿಕೊಳ್ಳುತ್ತಿದ್ದಳು.

"ಲೋಟ ಒಳಿಕ್ ಮಡಿಕ್ಕೊ ರಾಚಿ."

"ಇರ್ಲಿ ಬುಡಣ್ಣ, ನಂಗೇನು ಬೇಜಾರಿಲ್ಲ."

"ನಂಗದೆ. ಮಡಿಕ್ಕೊ."

ಅವನು ಬಂದು ಅವಳ ಪಕ್ಕದಲ್ಲಿ ಮೊಣಕಾಲೂರಿದ. ಪಾದ್ರಿಗಳು ಪಾತ್ರೆ ಚಾಚಿದಾಗ ಅವಳ ಕೈಗಳ ಕೆಳಗೆ ತನ್ನ ಅಂಗೈ ಒಡ್ಡಿದ. ರಾಚಮ್ಮ ಕಣ್ಣು ಮುಚ್ಚಿ ಕುಡಿದಳು, ಬಾಯಾರಿ ಬಂದವಳ ಹಾಗೆ. ಪಾದ್ರಿಗಳು ಅಂಚು ಒರೆಸಲು ಬಟ್ಟೆ ಎತ್ತಿದರು. ಅಷ್ಟರಲ್ಲಿ ಚೆಲುವಯ್ಯ ಪಾತ್ರೆ ತೆಗೆದುಕೊಂಡಿದ್ದ.

ಅದು ಇನ್ನೂ ಅರ್ಧಕ್ಕೂ ಹೆಚ್ಚು ತುಂಬಿತ್ತು. ಎಲ್ಲರೂ ಅಂಜಿ ಬಿಟ್ಟದ್ದೆಲ್ಲ ಅವನ ಪಾಲಿಗೆ ಉಳಿದಿತ್ತು. ಮೊದಲ ಗುಟುಕನ್ನು ಬಲವಂತವಾಗಿ ನುಂಗಿದ. ಕಣ್ಣಲ್ಲಿ ನೀರು ಬಂತು. ತುಟಿಯಿಂದ ಪಾತ್ರೆ ತೆಗೆಯದೆ ಹಿಡಿದ. ಎರಡನೆಯದು ಇಳಿಯಿತು. ಆಮೇಲೆ ತಾನೇ ಕುದಿಸಿದ ರಸದ ಸಿಹಿಯೂ ಬೀಜದ ಒಗರೂ ನಾಲಿಗೆಗೆ ಗೊತ್ತಾದವು. ಬುಡ ಕಾಣುವವರೆಗೆ ಎತ್ತಿ ಕುಡಿದ.

ಕಂಬದ ಬಳಿ ಬೋರಯ್ಯ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

ಅಣ್ಣ ತಂಗಿ ಹೊರಗೆ ಬಂದಾಗ ಕೇರಳದ ಕಡೆ ಹೋಗುವ ಲಾರಿಯೊಂದು ರಸ್ತೆಯ ಧೂಳೆಬ್ಬಿಸಿ ಆಗತಾನೇ ದಾಟಿತ್ತು. ಶಿವಮ್ಮ ದೇವಾಲಯದ ಜಗುಲಿಯ ಮೇಲೆ ಒಬ್ಬಳೇ ಕೂತಿದ್ದಳು. ಒಳಗೆ ನಡೆದದ್ದು ತೆರೆದ ಕಿಟಕಿಯಿಂದ ಅವಳಿಗೆ ಕಂಡಿತ್ತು. ರಾಚಮ್ಮ ಅವಳನ್ನು ನೋಡಿ ಅಭ್ಯಾಸದಂತೆ ದೂರದಲ್ಲೇ ನಿಂತಳು.

ಶಿವಮ್ಮ ಸೆರಗು ಬಳಿಗೆಳೆದುಕೊಂಡು ಒಂದಿಷ್ಟು ಸರಿದು, ಪಕ್ಕದಲ್ಲಿ ತೆರವಾದ ಕಲ್ಲಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸತೊಡಗಿದಳು.