ದೋಣಿಯವನ ಉತ್ತರ

ಡಿಸ್ಕ್ ಪ್ಲೇಯರು ಒಂದು ದಿನ ಬಾಯಿ ತೆರೆದದ್ದು ಮತ್ತೆ ಮುಚ್ಚಲೇ ಇಲ್ಲ. ನಮ್ಮನೆಯವರು ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಅವರು ಕೂಡಿಟ್ಟ ಇಪ್ಪತ್ತಾರು ಸಿನಿಮಾಗಳು ಬಿಸ್ಕತ್ತಿನ ಡಬ್ಬದಲ್ಲಿದ್ದವು. ಎಲ್ಲವೂ ಪರದೇಶದವು, ಮಾತು ಅವರದ್ದು, ಕೆಳಗೆ ಬರುವ ಅಕ್ಷರ ನಮ್ಮದು. ನನಗೆ ಆಗ ಓದಲು ಬರುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ನಾನು ಮತ್ತು ನಾದಿನಿ ಮಂಚದ ಮೇಲೆ, ಅವರು ಕುರ್ಚಿಯಲ್ಲಿ. ಅಕ್ಷರ ಬಂದ ಹಾಗೆ ಗಟ್ಟಿಯಾಗಿ ಓದಿ ಹೇಳುವರು. ಹೆಂಗಸರಿಗೆ ಸಣ್ಣ ದನಿ, ಪೊಲೀಸಿಗೆ ದಪ್ಪ ದನಿ. ನಾದಿನಿಗೆ ಓದು ಬರುತ್ತಿತ್ತು. ಆದರೂ ನನ್ನ ಜೊತೆ ಸುಮ್ಮನೆ ಕೇಳುತ್ತ ಕೂರುವಳು.

ಅವರು ಹೋದ ಮೇಲೆ ಸಿನಿಮಾಗಳು ಮೂಕವಾದವು. ಅಷ್ಟರಲ್ಲಿ ನಾದಿನಿಯ ಕಣ್ಣಿನ ನರ ಒಣಗಿ ಅವಳಿಗೆ ಟಿ.ವಿ. ಬರೀ ಬೆಳಕಾಗಿತ್ತು. ಹಾಗಾಗಿ ಅರವತ್ಮೂರನೇ ವಯಸ್ಸಿಗೆ ನಾನು ರಾತ್ರಿ ಶಾಲೆ ಸೇರಿದೆ. ಮೂರು ವರ್ಷ ಹಿಡಿಯಿತು. ಓದು ಹತ್ತುವ ಹೊತ್ತಿಗೆ ಪ್ಲೇಯರು ಕೈಕೊಟ್ಟಿತು.

ಡಬ್ಬ ಎತ್ತಿಕೊಂಡು ಬೀದಿ ಕೊನೆಯ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವರು ಹಿಂದೆ ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದವರು. ಈಗಲೂ ಎಲ್ಲರಿಗೂ ಅವರು ಆಪರೇಟರೇ. ಡಿಸ್ಕುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಹತ್ತೊಂಬತ್ತು ಸತ್ತಿದ್ದವು.

"ಉಳಿದ ಏಳನ್ನ ಫೈಲ್ ಮಾಡಿ ಪೆನ್‌ಡ್ರೈವಿಗೆ ಹಾಕ್ತೀನಕ್ಕ, ಟಿ.ವಿ. ಹಿಂದೆ ಚುಚ್ಚಿದ್ರಾಯ್ತು. ಅಕ್ಷರದ್ದೇ ತಲೆನೋವು."

"ಯಾಕೆ?"

"ಡಿಸ್ಕಲ್ಲಿರೋದು ಅಕ್ಷರ ಅಲ್ಲ, ಅಕ್ಷರದ ಚಿತ್ರ. ಸಣ್ಣದು, ಮಸುಕು. ದೊಡ್ಡದಾಗಿ ಬೇಕಂದ್ರೆ ಕಂಪ್ಯೂಟರು ಅದನ್ನ ನೋಡ್ಕೊಂಡು ಹೊಸದಾಗಿ ಬರೀಬೇಕು. ಅದೋ, ಒತ್ತು ದೀರ್ಘ ಎಲ್ಲ ನುಂಗಿಬಿಡತ್ತೆ. ಯಾರಾದ್ರೂ ಕೂತು ತಿದ್ದಬೇಕು. ನಂಗೆಲ್ಲಿದೆ ಪುರುಸೊತ್ತು?"

"ನಾನು ಕೂರ್ತೀನಿ."

ಅವರು ನನ್ನ ಕನ್ನಡಕವನ್ನೇ ನೋಡಿದರು. "ಒಂದು ಸಿನಿಮಾಗೆ ಸಾವಿರ ಸಾಲಿರತ್ತೆ."

"ಒಂದೊಂದೇ ತಾನೇ ಬರೋದು."

ದಿನಾ ಬೆಳಿಗ್ಗೆ ಹತ್ತಕ್ಕೆ ಹೋಗಿ ಕೂರುತ್ತಿದ್ದೆ. ಪರದೆಯ ಎಡಗಡೆ ಡಿಸ್ಕಿನ ಚಿತ್ರ, ಬಲಗಡೆ ಕಂಪ್ಯೂಟರು ಬರೆದದ್ದು. ತಪ್ಪಿದ್ದಲ್ಲಿ ನಾನು ಬೆರಳಿಟ್ಟರೆ ಆಪರೇಟರ್ ಬಂದು ಸರಿಮಾಡುವರು.

"ನಿಮ್ಮ ಮೇಷ್ಟ್ರು ಬೆತ್ತ ಹಿಡೀತಿದ್ರಾ? ಒಂದು ಕೊಂಬೂ ಬಿಡಲ್ವಲ್ಲಕ್ಕ."

"ಮೇಷ್ಟ್ರು ನನಗಿಂತ ನಲವತ್ತು ವರ್ಷ ಚಿಕ್ಕೋನು. ಅವನೇ ನನಗೆ ಹೆದರ್ತಿದ್ದ."

ಐದನೆಯದು ದೋಣಿಯವನ ಸಿನಿಮಾ. ನಮ್ಮನೆಯವರು ಅತಿ ಹೆಚ್ಚು ಸಲ ಹಾಕಿದ್ದು ಅದನ್ನೇ. ಹೊಳೆ ದಾಟಿಸುವವನೊಬ್ಬ, ಅವನ ಪುಟ್ಟ ಮಗಳು, ಅವಳ ಹಳದಿ ಸ್ವೆಟರು. ಕೊನೆಯಲ್ಲಿ ದೋಣಿಯಲ್ಲಿ ಮಗಳಿರುವುದಿಲ್ಲ. ದಿನಾ ದಾಟುವ ಮುದುಕಿ, ಮಗಳೆಲ್ಲಿ ಎಂದು ಕೇಳುತ್ತಾಳೆ. ಅವನು ಹುಟ್ಟು ಹಾಕುತ್ತಲೇ ಹೇಳುತ್ತಾನೆ: "ಅತ್ತೆ ಮನೆಗೆ ಹೋಗಿದ್ದಾಳೆ. ನಾಳೆ ಬರ್ತಾಳೆ." ಆ ಮಾತು ಕೇಳಿದಾಗಲೆಲ್ಲ ನನ್ನ ಎದೆ ಹಗುರಾಗುತ್ತಿತ್ತು. ನಮ್ಮ ಮಗಳು ಏಳು ತುಂಬುವ ಮೊದಲೇ ಜ್ವರದಲ್ಲಿ ಹೋದವಳು. ಆಮೇಲೆ ಅವರು ಬದುಕಿದ್ದಷ್ಟು ದಿನ ಅವಳ ಹೆಸರೆತ್ತಲಿಲ್ಲ.

ಆ ಸಾಲು ಬಂತು. ಎಡಗಡೆ ಇದ್ದದ್ದು ಹೀಗೆ: "ಅವಳಿಲ್ಲ. ಹೋದ ತಿಂಗಳು ಮಣ್ಣು ಮಾಡಿದೆ." ಬಲಗಡೆಯೂ ಅದೇ.

ಬೆರಳಿಟ್ಟು ಮೂರು ಸಲ ಓದಿದೆ. "ಕಂಪ್ಯೂಟರು ತಪ್ಪು ಬರ್ದಿದೆ," ಎಂದೆ.

ಆಪರೇಟರ್ ಬಗ್ಗಿ ನೋಡಿದರು. "ಇಲ್ಲಕ್ಕ. ಈ ಸಿನಿಮಾದಲ್ಲಿ ಅದು ಸರಿಯಾಗಿ ಬರೆದಿರೋ ಸಾಲು ಅಂದ್ರೆ ಇದೇ." ನನ್ನ ಮುಖ ನೋಡಿ ದನಿ ಇಳಿಸಿದರು. "ಬೇರೆ ಏನಾದ್ರೂ ಹಾಕಬೇಕಾ? ಹಾಕಬಹುದು."

"ಬೇಡ. ಇದ್ದ ಹಾಗೇ ಇರ್ಲಿ."

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನಾದಿನಿಯನ್ನು ಕೇಳಿದೆ. "ದೋಣಿಯವನು ಏನು ಹೇಳ್ತಾನೆ ಅಂತ ನಿಂಗೆ ಗೊತ್ತಿತ್ತಾ?"

ಅವಳು ಬಟ್ಟೆ ಮಡಚುತ್ತಿದ್ದಳು. ಕೈ ನಿಂತಿತು. "ಗೊತ್ತಿತ್ತು ಅತ್ತಿಗೆ."

"ಓದು ಬರಲ್ಲ ಅಂತ ಅಣ್ಣ ತಂಗಿ ಸೇರಿ ನನ್ನ ಆಟ ಆಡಿಸಿದ್ರಿ."

"ಮೊದಲ ಸಲ ಹಾಗೆ ಓದಿದಾಗ ಅಣ್ಣ ನನ್ನ ಕಡೆ ತಿರುಗಿ ನೋಡಿದ. ನಿಮ್ಮ ಮಗೂಗೆ ಅತ್ತೆ ಅಂತ ಇದ್ದೋಳು ನಾನೊಬ್ಬಳೇ. ಅವಳನ್ನ ನನ್ನ ಹತ್ರ ಬಿಟ್ಟಿದ್ದಾನೆ ಅಂದ್ಕೊಂಡೆ. ಹೇಗೆ ಬಾಯಿ ಬಿಡ್ಲಿ?" ಬಟ್ಟೆಯ ಅಂಚನ್ನು ತಡವಿ ಮತ್ತೆ ಮಡಚತೊಡಗಿದಳು. "ಈಗ ನಂಗೆ ಕಣ್ಣಿಲ್ಲ. ನಿಮಗೆ ಸರಿ ಕಂಡಿದ್ದನ್ನ ಓದಿ."

ಭಾನುವಾರ ದೋಣಿಯವನ ಸಿನಿಮಾ ಹಾಕಿ ಮೊದಲ ಸಲ ಅವರ ಕುರ್ಚಿಯಲ್ಲಿ ಕೂತೆ. ಇದ್ದದ್ದನ್ನು ಇದ್ದ ಹಾಗೇ ಓದುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಈ ಮನೆಯಲ್ಲಿ ಆ ಮಾತನ್ನು ಯಾರಾದರೂ ಒಮ್ಮೆ ಬಾಯಿಬಿಟ್ಟು ಹೇಳಬೇಕಿತ್ತು.

"ಮುದುಕೀಗೂ ದೋಣಿಯವನಿಗೂ ಒಂದೇ ದನಿ ಆಯ್ತಲ್ಲ ಅತ್ತಿಗೆ," ಎಂದು ನಾದಿನಿ ನಡುವೆ ರೇಗಿಸಿದಳು.

ಕೊನೆಯ ಸಾಲು ಬಂತು. ದೊಡ್ಡದಾಗಿ, ಸ್ಪಷ್ಟವಾಗಿ ಬಂತು. ನಾನೇ ನೋಡಿ ಸರಿ ಎಂದಿದ್ದ ಅಕ್ಷರಗಳು. ಬಾಯಿ ತೆರೆದೆ, ದನಿ ಬರಲಿಲ್ಲ.

ನನಗೋಸ್ಕರ ಸುಳ್ಳು ಓದಿದರು ಎಂದುಕೊಂಡಿದ್ದೆ. ಆ ಕುರ್ಚಿಯಲ್ಲಿ ಕೂತ ಮೇಲೆ ತಿಳಿಯಿತು, ಆ ಸಾಲು ಅವರ ಬಾಯಿಗೂ ಬಂದಿರಲಿಲ್ಲ. ಪ್ರತಿ ಸಲವೂ ಅದನ್ನು ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ನಮಗೆ ಬೇರೆಯದನ್ನು ಕೊಟ್ಟಿದ್ದರು. ಅವರ ಪಕ್ಕದಲ್ಲೇ ನಾನು ಹಗುರಾಗಿ ಕೂತಿರುತ್ತಿದ್ದೆ.

ಅಕ್ಷರ ಅಳಿಸಿಹೋಯಿತು.

"ಏನಂತೆ ಅತ್ತಿಗೆ?" ನಾದಿನಿ ಟಿ.ವಿ. ಬೆಳಕಿನ ಕಡೆಗೇ ಮುಖ ಮಾಡಿ ಕೂತಿದ್ದಳು.

"ಅತ್ತೆ ಮನೆಗೆ ಹೋಗಿದ್ದಾಳಂತೆ."

ಅವಳು ಕಾದಳು. ಉಳಿದ ಎರಡು ಮಾತು ನನ್ನಿಂದ ಆಗಲಿಲ್ಲ. ಅವರು ಅದನ್ನು ಹೇಗೆ ಹೇಳುತ್ತಿದ್ದರೋ. ದೋಣಿ ದಡ ಮುಟ್ಟಿ, ಪರದೆ ಕಪ್ಪಾದ ಮೇಲೆ, ಮಂಚದ ಮೇಲಿಂದ ನಾದಿನಿಯೇ ಮೆಲ್ಲಗೆ ಹೇಳಿ ಮುಗಿಸಿದಳು: "ನಾಳೆ ಬರ್ತಾಳೆ."